ಸೈತಾನನ ಪಾಲಿನ ಹೊಲ

ಒಲೆಯ ಮೇಲೆ ಪಾತ್ರೆ ತೂಗುಹಾಕುವ ಸರಪಳಿಗೆ ಬೆಸುಗೆ ಹಾಕಿಸಲು ಕುಲುಮೆಗೆ ಬಂದಿದ್ದ ಎಲ್ಸ್‌ಪೆಟ್, ಮುಂದೆ ನಿಂತಿದ್ದ ಇಬ್ಬರು ಗೇಣಿದಾರರ ಮಾತಿಗೆ ಕಿವಿಗೊಟ್ಟಳು.

“ನೇಗಿಲ ಗುಳ ಎಲ್ಲಿ ಮುರ್ಕೊಂಡ್ಯೋ ಗ್ಯಾವಿನ್?”

“ಸೈತಾನನ ಪಾಲಿಗೆ ಅಂತ ಬೀಳು ಬಿಟ್ಟಿದ್ವಲ್ಲ, ಆ ಹೊಲದಲ್ಲಿ.”

“ಅಯ್ಯೋ ಪುಣ್ಯಾತ್ಮ! ಮುತ್ತಜ್ಜನ ಕಾಲದಿಂದ ಯಾರೂ ಅಲ್ಲಿ ನೇಗಿಲು ಹೂಡಿಲ್ಲ!”

“ಧಣಿಗಳು ಎಡಿನ್‌ಬರೋದಲ್ಲಿ ಪುಸ್ತಕ ಓದ್ಕೊಂಡು ಬಂದಿದ್ದಾರೆ. ಸುಧಾರಣೆಯಂತೆ. ಅಲ್ಲಿ ಟರ್ನಿಪ್ ಬೆಳೀಬೇಕಂತೆ.”

“ಟರ್ನಿಪ್ ಧಣಿಗೆ, ಶಾಪ ನಿಂಗೆ. ಒಳ್ಳೇ ಪಾಲು ಕಣೋ!”

“ಉಳದಿದ್ರೆ ಮನೆ ಖಾಲಿ ಮಾಡು ಅಂದ್ರು. ಗೇಣಿದಾರ ಡೇವಿಯನ್ನ ಓಡಿಸಿದ್ದು ನೋಡಿಲ್ವಾ?”

“ಸೈತಾನ ಸುಮ್ನಿರ್ತಾನಾ?”

ಬೆಸೆದ ಗುಳವನ್ನು ಹೆಗಲಿಗೇರಿಸಿಕೊಂಡು ಗ್ಯಾವಿನ್ ಬಾಗಿಲು ದಾಟಿದ. ಗೆಳೆಯ ಹಿಂದೆಯೇ ನಡೆದ. ಎಲ್ಸ್‌ಪೆಟ್ ತನ್ನ ಸರಪಳಿಯನ್ನು ಕಮ್ಮಾರನ ಮುಂದಿಟ್ಟಳು.

“ಪಾಪ, ಸೈತಾನ ಏನ್ಮಾಡ್ತಾನೆ? ಇಷ್ಟು ಕಾಲ ನಮ್ಮ ಮಗ್ಗುಲಲ್ಲೇ ಇದ್ದ, ಒಬ್ಬರನ್ನೂ ಒಕ್ಕಲೆಬ್ಬಿಸಲಿಲ್ಲ. ಈಗ ಧಣಿಗಳು ಅವನನ್ನೇ ಎಬ್ಬಿಸಿದ್ರು.”