ಜಲಜಾಳ ಅರ್ಧ ಭಯ

ಸಂಜೆಯ ಮಳೆಗೆ ದೆಹಲಿಯ ವಸಂತ್ ಕುಂಜ್‌ನಲ್ಲಿ ವಿದ್ಯುತ್ ಹೋಗಿತ್ತು. ಗುರುಗ್ರಾಮಕ್ಕೆ ಕ್ಯಾಬ್ ಸಿಗದೆ ಅನನ್ಯಾ ತಮ್ಮ ಚಿರಂತ್‌ನೊಡನೆ ದೊಡ್ಡಪ್ಪನ ಮನೆಯಲ್ಲೇ ಉಳಿದಿದ್ದಳು. ಅಪರಾಧಕ್ಕೆ ತುತ್ತಾದವರ ಮನೋಯಾತನೆಗೆ ಎಷ್ಟು ಪರಿಹಾರವೆಂದು ಲೆಕ್ಕ ಹಾಕುವ ಕಂಪ್ಯೂಟರ್ ವ್ಯವಸ್ಥೆಯನ್ನು ಅವಳು ಬರೆದು ಮುಗಿಸಿದ್ದಳು, ನಾಳೆ ಒಪ್ಪಿಸಬೇಕು.

"ಅಪರಾಧಕ್ಕೂ ಮೊದಲೇ ಇದ್ದ ದುಃಖವನ್ನ ಅದು ಲೆಕ್ಕದಿಂದ ತಾನೇ ಕಳೆಯುತ್ತೆ ದೊಡ್ಡಪ್ಪ," ಎಂದಾಗ ಅವಳ ದನಿಯಲ್ಲಿ ಹೆಮ್ಮೆಯಿತ್ತು.

ಗಣಿತದ ಮೇಷ್ಟರಾಗಿದ್ದ ದೊಡ್ಡಪ್ಪ ಇಂದುಶೇಖರರು ಮೇಣದಬತ್ತಿ ಹಚ್ಚಿದರು.

"ದೆವ್ವದ ಕತೆ ಹೇಳಿ. ಡರಾವ್‌ನಾ ಹೋನಾ ಚಾಹಿಯೇ, ಹೆದರಿಕೆ ಆಗ್ಬೇಕು," ಎಂದ ಚಿರಂತ್.

"ಹೇಳ್ತೀನಿ. ನಿನಗಲ್ಲ, ನಿಮ್ಮಕ್ಕನಿಗೆ."

ಅವರು ಮೇಣದಬತ್ತಿಯನ್ನು ಅನನ್ಯಾಳ ಮುಂದಕ್ಕೆ ಸರಿಸಿದರು.

"ನನ್ನ ಸ್ನೇಹಿತ ದಕ್ಷಿಣಾಮೂರ್ತಿ ಪರಿಹಾರದ ಸರ್ಕಾರಿ ಆಫೀಸಿನಲ್ಲಿ ಇದೇ ಲೆಕ್ಕವನ್ನ ಕೈಯಲ್ಲಿ ಮಾಡ್ತಿದ್ದ. ಕುಂದಾಪುರದ ಕಡೆಯ ಜಲಜಾ ಅಂತ ಒಬ್ಬಳು, ಇಲ್ಲಿನ ಪೀತಮ್‌ಪುರಾದ ಹೋಟೆಲಿನಲ್ಲಿ ದೋಸೆ ಹೊಯ್ಯೋಳು... ಒಂದು ಮಧ್ಯಾಹ್ನ ಕಳ್ಳ ಮನೆಗೆ ನುಗ್ಗಿ, ಹಿಂದಿನಿಂದ ಕುತ್ತಿಗೆಗೆ ಚಾಕು ಇಟ್ಟು 'ಹಿಲ್‌ನಾ ಮತ್' ಅಂದ. ಅಲುಗಬೇಡ ಅಂತ. ಬಳೆ ಹೋಯ್ತು, ಆ ಮಾತು ಹೋಗಲಿಲ್ಲ... ಬಾಗಿಲಿಗೆ ಬೆನ್ನು ಹಾಕಿ ನಿಲ್ಲೋಕಾಗದೆ ಕೆಲಸವನ್ನೂ ಬಿಟ್ಟಳು. ಮೂರ್ತಿ ಎಲ್ಲಾ ಕೇಳಿಸಿಕೊಂಡ. ಗಂಡ ಸತ್ತು ವರ್ಷ ತುಂಬಿಲ್ಲ ಅಂತ ತಿಳೀತು ನೋಡು, ಅರ್ಧ ಸಂಕಟ ಗಂಡನ ಲೆಕ್ಕಕ್ಕೆ, ಕಳ್ಳನದಲ್ಲ ಅಂತ ಕಳೆದುಬಿಟ್ಟ.

"ಅವಳು ಕೇಳಿದಳು. 'ಅಣ್ಣಾ, ಬದುಕಿದ್ದಾಗ ಒಂದು ದಿನವೂ ಹೆದರಿಸದ ಮನುಷ್ಯ ಸತ್ತ ಮೇಲೆ ಹೆದರಿಸ್ತಾರಾ? ಈ ಅರ್ಧ ನಂದಲ್ಲ ಅಂದ್ರೆ ಯಾರದು?' ಮೂರ್ತಿ 'ನಿಯಮ ತಾಯಿ' ಅಂದ. 'ಅಚ್ಛಾ. ಹಾಗಾದ್ರೆ ಕಳೆದವರೇ ಇಟ್ಕೊಳ್ಳಿ' ಅಂದು ಎದ್ದು ಹೋದಳು.

"ಮಾರನೇ ದಿನ, ಮಟಮಟ ಮಧ್ಯಾಹ್ನ, ಮೆಟ್ರೋದಲ್ಲಿ ಬೋಗಿಯ ಗೋಡೆಗೆ ಬೆನ್ನು ಒತ್ತಿ ನಿಂತಿದ್ದಾನೆ. ಗೋಡೆಗೂ ಅವನಿಗೂ ನಡುವೆ ಯಾರಾದರೂ ನಿಲ್ಲೋಕೆ ಸಾಧ್ಯವೇ? ಆದರೂ... ಕುತ್ತಿಗೆಗೆ ಬಿಸಿ ಉಸಿರು ತಾಗಿತು. 'ಹಿಲ್‌ನಾ ಮತ್.' ಇಳಿಯೋ ಸ್ಟೇಷನ್ ದಾಟಿಹೋಯ್ತು, ಅವನು ಅಲುಗಲಿಲ್ಲ. ಆಮೇಲೆ ಸ್ನಾನದ ಮನೆಯಲ್ಲಿ, ಊಟದ ತಟ್ಟೆಯ ಮುಂದೆ, ಎಲ್ಲೆಂದರಲ್ಲಿ...

"ಕೊನೆಗೆ ಹೋಟೆಲಿಗೆ ಓಡಿದ. ಜಲಜಾ ಮತ್ತೆ ಕೆಲಸಕ್ಕೆ ಬಂದು, ಬಾಗಿಲಿಗೆ ಬೆನ್ನು ಹಾಕಿ ಆರಾಮವಾಗಿ ದೋಸೆ ಹೊಯ್ತಿದ್ದಳು! 'ವರದಿ ತಿದ್ದುತ್ತೀನಿ ತಾಯಿ, ಪೂರ್ತಿ ಹಣ ಕೊಡಿಸ್ತೀನಿ' ಅಂದ. ಅವಳು ಅವನ ಮುಖವನ್ನೇ ನೋಡಿದಳು. 'ಪೂರ್ತಿ ಬರೆದ್ರೆ ಆ ಭಯಾನೂ ಪೂರ್ತಿ ನಂಗೇ ವಾಪಸ್ ಬರುತ್ತಲ್ವಾ ಅಣ್ಣಾ? ಬೇಡ. ಉಳಿದರ್ಧ ನಾನು ಹೊರಬಲ್ಲೆ. ಕೂತ್ಕೊಳ್ಳಿ, ದೋಸೆ ತಿನ್ನಿ.' ತಲೆ ಎತ್ತದೆ ತಿಂದ. ಹೆದರಿಕೆಗಿಂತ ನಾಚಿಕೆ ದೊಡ್ಡದಾಗಿತ್ತು. ಯಾಕೆ ಗೊತ್ತಾ? ಅವನು ನ್ಯಾಯ ಕೊಡಿಸೋಕೆ ಬಂದಿರಲಿಲ್ಲ, ಹೊರೆ ಇಳಿಸಿ ಹೋಗೋಕೆ ಬಂದಿದ್ದ. ಅದು ಅವಳಿಗೆ ತಿಳಿದುಹೋಗಿತ್ತು."

ಅನನ್ಯಾ ತಲೆ ತಗ್ಗಿಸಿದಳು. ಪರೀಕ್ಷೆಗೆಂದು ನೂರಾರು ಹಳೆಯ ಅರ್ಜಿಗಳನ್ನು ತನ್ನ ವ್ಯವಸ್ಥೆಗೆ ಉಣಿಸಿದ್ದಳು. ಒಬ್ಬರ ಹೆಸರನ್ನೂ ಓದಿರಲಿಲ್ಲ. ಯಾರಿಂದ ಎಷ್ಟು ಕಳೆದೆನೆಂಬುದು ಅವಳಿಗೇ ತಿಳಿಯದು.

"ನಿಮ್ಮ ಸ್ನೇಹಿತರು ಈಗೆಲ್ಲಿ?" ಎಂದಳು, ಬಹಳ ಮೆಲ್ಲಗೆ.

"ಹೋದ ವರ್ಷ ತೀರಿಕೊಂಡ. ಆ ಅರ್ಧ ಜಲಜಾಗೆ ಮರಳಲಿಲ್ಲ, ಅವಳು ಈಗಲೂ ನೆಮ್ಮದಿಯಾಗಿದ್ದಾಳೆ. ಮೂರ್ತಿಯ ಕುರ್ಚಿಗೆ ಬಂದವರು ಮಾತ್ರ ಒಬ್ಬರೂ ನಿಲ್ಲಲಿಲ್ಲ... ಅದಕ್ಕೇ ಕಣಮ್ಮಾ, ಆ ಆಫೀಸಿನವರು ಕಂಪ್ಯೂಟರ್ ಬೇಕು ಅಂತ ನಿಮ್ಮನ್ನ ಹುಡುಕಿಕೊಂಡು ಬಂದದ್ದು. ಅದಕ್ಕೆ ಬೆನ್ನಿಲ್ಲ, ನಿಜ. ಆದರೆ ಅದಕ್ಕೆ ಕಳೆಯೋದನ್ನ ಕಲಿಸಿದವರಿಗೆ ಇದೆಯಲ್ಲ..."