ನಲವತ್ತನೆಯ ಸಹಿ

ಎಲ್ಲರ ಬಾಯಲ್ಲಿ ಗಂಟಲು ಮೇಷ್ಟ್ರು ಎನಿಸಿಕೊಂಡಿರುವ ನಾನು, ವಯಸ್ಸು 58 ವರ್ಷ, ಉದ್ಯೋಗ ಕಾರ್ಮಿಕ ಸುರಕ್ಷತೆಯ ತರಬೇತುದಾರ, ವಾಸ ಹಾಲಿನ ಅಂಗಡಿಯ ಮೇಲಿನ ಕೋಣೆ, ಯಾರೂ ಕರೆಸದೆ ಠಾಣೆಗೆ ನಾನಾಗಿಯೇ ಬಂದು ಈ ಮೂಲಕ ಬರೆಸುವುದೇನೆಂದರೆ:

ನಾನು ನಾಟಕ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ರಾಜನ ಪಾತ್ರ ಮಾಡಿದವನು. ಕಂಪನಿ ಮುಚ್ಚಿದ ಮೇಲೆ ಒಂದು ಸೇವಾ ಸಂಸ್ಥೆಗೆ ಸೇರಿದೆನು. ಸರ್ಕಾರದ ಅನುದಾನ ಪಡೆದು ಕಾರ್ಖಾನೆಗಳಲ್ಲಿ ಉಚಿತವಾಗಿ ಸುರಕ್ಷತೆಯ ಪಾಠ ಹೇಳುವುದು ಸಂಸ್ಥೆಯ ಕೆಲಸ. ಪಾಠವನ್ನು ನಾನು ಆಡಿ ತೋರಿಸುತ್ತೇನೆ. ಒಳಗೆ ವಿಷಗಾಳಿ ಇದೆಯೇ ಎಂದು ಪರೀಕ್ಷೆ ಮಾಡದೆ, ಹಗ್ಗ ಕಟ್ಟದೆ ಮುಚ್ಚಿದ ತೊಟ್ಟಿಗೆ ಇಳಿದವನು ಹೇಗೆ ಸಾಯುತ್ತಾನೆಂದು ನೆಲದ ಮೇಲೆ ಹೊರಳಾಡಿ, ಸತ್ತು ತೋರಿಸುತ್ತೇನೆ. ಹೀಗೆ ನಾನು ಸತ್ತಿರುವುದು ಇನ್ನೂರಕ್ಕೂ ಹೆಚ್ಚು ಸಲ.

ಕಳೆದ ತಿಂಗಳು 14ರಂದು ಬೆಳಿಗ್ಗೆ 11 ಗಂಟೆಗೆ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಊಟದ ಕೋಣೆಯಲ್ಲಿ ವರ್ಷದ ಕೊನೆಯ ತರಬೇತಿ ನಡೆಯಿತು. ತಂಡದಲ್ಲಿ ನಲವತ್ತು ಜನ ಇರಲೇಬೇಕು, ಒಬ್ಬರು ಕಡಿಮೆಯಾದರೂ ಆ ತಂಡ ಲೆಕ್ಕಕ್ಕಿಲ್ಲ ಎಂಬುದು ಅನುದಾನದ ಷರತ್ತು. ಬಂದವರು ಮೂವತ್ತೊಂಬತ್ತು. ನಮ್ಮ ಸಂಸ್ಥೆಯ ಕಾರ್ಯದರ್ಶಿ ಅಕ್ಕ ನನ್ನನ್ನು ಬಾಗಿಲ ಮರೆಗೆ ಕರೆದು, ಈ ತಂಡ ಬಿದ್ದೋದ್ರೆ ಮುಂದಿನ ವರ್ಷ ಅನುದಾನ ಇಲ್ಲ ಮೇಷ್ಟ್ರೇ, ನಾವೆಲ್ಲ ಮನೇಗೇ ಅಂತ ಹೇಳಿದರು.

ಪಾಠ ಮುಗಿದ ಮೇಲೆ, 12.05ಕ್ಕೆ, ಸೂಪರ್‌ವೈಸರ್ ಒಬ್ಬ ಕೆಲಸಗಾರನನ್ನು ಕರೆತಂದರು. ಬಣ್ಣ ಕಲಸುವ ಕೆಲಸದವನು, ಎಲ್ಲರೂ ಕುಳ್ಳಣ್ಣ ಎನ್ನುತ್ತಿದ್ದರು, ವಯಸ್ಸು ಸುಮಾರು 34. ಯಂತ್ರ ನಿಲ್ಲಿಸುವಂತಿಲ್ಲವೆಂದು ಅಲ್ಲಿಯವರೆಗೆ ಅವನನ್ನು ಬಿಟ್ಟಿರಲಿಲ್ಲ. ಅವನು ನಲವತ್ತನೆಯ ಸಾಲಿನಲ್ಲಿ ಸಹಿ ಮಾಡಿದನು. ಕೈಯ ನೀಲಿ ಬಣ್ಣ ಹಾಳೆಗೆ ಹತ್ತಿತು. ಏನ್ ಮೇಷ್ಟ್ರೇ, ಸಾಯೋದು ಮುಗಿದೇ ಹೋಯ್ತಾ, ನೀವು ಸಾಯೋದು ಬಲು ಚೆಂದ ಅಂತ ಕಾಯ್ತಾ ಇದ್ದೆ ಎಂದು ನಕ್ಕನು. ಇನ್ನೊಂದ್ಸಲ ನಿನಗೋಸ್ಕರಾನೇ ಸಾಯ್ತೀನಿ ಹೋಗಯ್ಯ ಎಂದು ನಾನೂ ನಕ್ಕೆನು. ತರಬೇತಿ ಪಡೆದವರಿಗೆ ಕೊಡುವ, ತೊಟ್ಟಿಗೆ ಇಳಿಯಲು ಇರಲೇಬೇಕಾದ ಕಾರ್ಡನ್ನು ನನ್ನ ಕೈಯಾರೆ ಕೊಟ್ಟೆನು. ಅವನು ಕೋಣೆಯಲ್ಲಿ ಇದ್ದದ್ದು ಎರಡು ನಿಮಿಷ.

ಈ ತಿಂಗಳು 3ರಂದು ಬೆಳಿಗ್ಗೆ 9.40ಕ್ಕೆ, ತರಬೇತಿಯ ವರದಿಗೆ ಮೊಹರು ಹಾಕಿಸಲು ಅದೇ ಕಾರ್ಖಾನೆಗೆ ಹೋಗಿದ್ದೆನು. ಹಿಂಭಾಗದಲ್ಲಿ ಕೂಗು ಕೇಳಿ ಓಡಿದೆನು. ಕಚೇರಿಯಿಂದ ಕೊಳಚೆ ನೀರಿನ ತೊಟ್ಟಿಗೆ ಅರವತ್ತು ಹೆಜ್ಜೆ. ಹನ್ನೊಂದು ಅಡಿ ಆಳದಲ್ಲಿ ಕುಳ್ಳಣ್ಣ ಬೋರಲು ಬಿದ್ದಿದ್ದನು. ಸೊಂಟದಲ್ಲಿ ಹಗ್ಗವಿರಲಿಲ್ಲ. ಆ ಹೊತ್ತಿಗೆ ಕೈಗೆ ಸಿಕ್ಕವರಲ್ಲಿ ಕಾರ್ಡ್ ಇದ್ದವನು ಅವನೊಬ್ಬನೇ, ಕಾರ್ಡ್ ಇದೆಯಲ್ಲ ಇಳಿಯೋ ಅಂತ ಸೂಪರ್‌ವೈಸರ್ ಇಳಿಸಿದರೆಂದು ಅಲ್ಲಿದ್ದ ಕಸ ಗುಡಿಸುವ ಹೆಂಗಸು ತಿಳಿಸಿದಳು.

ಅದೇ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಕುಳ್ಳಣ್ಣನ ಹೆಂಡತಿಯ ತಮ್ಮ ಅಂಗಿ ಬಿಚ್ಚಿ ಇಳಿಯಲು ಹೋದನು. ನಾನು ಅವನನ್ನು ಕೆಡವಿ ಮೇಲೆ ಕುಳಿತೆನು. ಬಿಡೋ ಮುದುಕ, ನಮ್ಮ ಭಾವ ಉಸಿರಾಡ್ತಿದಾರೆ, ಕಾಣ್ತಿಲ್ವಾ ಎಂದು ಅವನು ನನ್ನ ಕೈ ಕಚ್ಚಿದನು. ಉಸಿರಾಡುತ್ತಿದ್ದದ್ದು ನನಗೂ ಕಾಣುತ್ತಿತ್ತು. ಇಳಿದ್ರೆ ನೀನೂ ಹೋಗ್ತೀಯ ಎಂದು ಮೂರು ಬೀದಿಗೆ ಕೇಳುವಂತೆ ಅರಚಿದೆನು. ಕೆಳಗೆ ಹಗ್ಗ ಬಿಟ್ಟೆವು, ಹಿಡಿಯಲು ಕುಳ್ಳಣ್ಣನ ಕೈ ಏಳಲಿಲ್ಲ. ಅಗ್ನಿಶಾಮಕದವರು ಬಂದದ್ದು 10.04ಕ್ಕೆ. ಅಷ್ಟರಲ್ಲಿ ಅವನ ಬೆನ್ನು ಏಳುವುದು ಇಳಿಯುವುದು ನಿಂತಿತ್ತು. ಇನ್ನೂರು ಸಲವೂ ನಾನು ತಪ್ಪಾಗಿಯೇ ಸತ್ತಿದ್ದೆನು. ಮನುಷ್ಯ ಹೊರಳಾಡುವುದಿಲ್ಲ, ಸುಮ್ಮನೆ ಮಲಗಿರುತ್ತಾನೆ.

ಅದೇ ದಿನ ಮಧ್ಯಾಹ್ನ 1.30ಕ್ಕೆ ಶವಾಗಾರದ ಮುಂದೆ ಕಾರ್ಖಾನೆಯ ಮ್ಯಾನೇಜರ್ ಸಹಿಯ ಹಾಳೆಯನ್ನು ಮೃತನ ಹೆಂಡತಿಗೆ ತೋರಿಸಿ, ನೋಡಮ್ಮ, ಎಲ್ಲಾ ಹೇಳಿಕೊಟ್ಟಿದ್ವಿ, ಇವನೇ ಉಡಾಫೆ ಮಾಡಿದ, ತಪ್ಪು ನಮ್ಮದಲ್ಲ ಅಂತ ಹೇಳಿದರು. ಆಕೆ ನನ್ನ ಕಡೆ ತಿರುಗಿ, ಮೇಷ್ಟ್ರೇ, ನಾನು ತರೋಕೆ ಹೇಳಿದ ಸಾಬೂನು ಕೂಡ ನಮ್ಮನೆಯವರು ಮರೀತಿರ್ಲಿಲ್ಲ, ನೀವು ಹೇಳಿದ್ದನ್ನ ಯಾಕೆ ಮರೆತ್ರು ಅಂತ ಕೇಳಿದರು. ಇಷ್ಟು ದೊಡ್ಡ ಗಂಟಲಿಟ್ಟುಕೊಂಡು ನಾನು ಬಾಯಿ ಬಿಡಲಿಲ್ಲ. ಕಾರ್ಯದರ್ಶಿ ಅಕ್ಕ ನನ್ನ ತೋಳು ಹಿಡಿದುಕೊಂಡಿದ್ದರು.

ಕುಳ್ಳಣ್ಣ ಏನನ್ನೂ ಮರೆಯಲಿಲ್ಲ. ಅವನಿಗೆ ಯಾರೂ ಏನನ್ನೂ ಹೇಳಿರಲಿಲ್ಲ. ಗೊತ್ತಿದ್ದೂ ಸಹಿ ಹಾಕಿಸಿಕೊಂಡವನು ನಾನು. ಸಂಸ್ಥೆ ಮುಚ್ಚಿದರೆ ಮುಚ್ಚಲಿ, ನನ್ನ ಮೇಲೆ ಕೇಸಾದರೆ ಆಗಲಿ, ಅಂದು ತರಬೇತಿ ಪಡೆದವರು ಮೂವತ್ತೊಂಬತ್ತು ಎಂದು ದಾಖಲಿಸಿಕೊಳ್ಳಬೇಕು.

ಬರೆದುಕೊಂಡ ಪೇದೆಯವರು ಇದನ್ನು ನನಗೆ ಓದಿ ಹೇಳಿದ್ದಾರೆ. ನಾನು ಆಡಿದ ಮಾತೇ ಇದೆ, ಸುಳ್ಳು ಸೇರಿಲ್ಲ. ಮೃತನ ಹೆಂಡತಿಗೆ ಅಕ್ಷರ ಬಾರದು, ಆಕೆಗೂ ಓದಿ ಹೇಳಬೇಕೆಂದು ಕೋರುತ್ತೇನೆ. ನಾನೇ ಹೇಳೋಣವೆಂದು ನಿನ್ನೆ ಎರಡು ಸಲ ಅವರ ಬಾಗಿಲವರೆಗೆ ಹೋಗಿ ಹಿಂದಿರುಗಿದ್ದೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಈ ತಿಂಗಳ 6, ಬೆಳಿಗ್ಗೆ 11.20
(ಸಹಿ) ಹೇಳಿಕೆ ಕೊಟ್ಟವನು