ಒಂದು ವರ್ಷ ಮುಂಚೆ

ಬಸ್ಸಿಗೆ ಕಾಯುತ್ತಿದ್ದ ದರ್ಜಿಯಮ್ಮನ ಗಮನ ತನ್ನ ಮುಂದೆ ನಿಂತಿದ್ದ ಇಬ್ಬರ ಮಾತಿನತ್ತ ಹೊರಳಿತು. ಒಬ್ಬರು ಪ್ರಯೋಗಾಲಯದ ಪ್ರಾಣಿಗಳನ್ನು ನೋಡಿಕೊಳ್ಳುವ ಹಿರಿಯರು, ಇನ್ನೊಬ್ಬಳು ಅಲ್ಲಿಯ ಲೈಬ್ರರಿಗೆ ಹೊಸದಾಗಿ ಸೇರಿದವಳು.

“ಆ ಹನ್ನೆರಡು ಮೊಲಾನೂ ಉಳಿದ್ವಂತೆ, ಹೌದೇನಮ್ಮ?”

“ಹೌದಣ್ಣ. ಅದೇ ಪ್ರಯೋಗ ಬೇರೆ ಕಡೆ ಆಗಲೇ ಮಾಡಿ ಮುಗಿಸಿದ್ದಾರೆ. ಹುಡುಕಿದೆ, ವರದಿ ಸಿಕ್ತು. ತೋರಿಸಿದ ಮೇಲೆ ಕೈಬಿಟ್ರು.”

“ಪುಣ್ಯ ಕಟ್ಕೊಂಡೆ, ತಾಯಿ. ಯಾವಾಗಿನ ವರದಿ ಅದು?”

ಅವಳು ತಡವರಿಸಿದಳು. “ನಾಲ್ಕು ವರ್ಷ ಹಳೇದು.”

“ಹಾಗಾದ್ರೆ ಹೋದ ವರ್ಷಾನೂ ಇತ್ತು.”

“ಇತ್ತಣ್ಣ. ಹುಡುಕೋರು ಇರ್ಲಿಲ್ಲ.”

“ಹೋದ ವರ್ಷ ಇದೇ ಪ್ರಯೋಗದ ಮೊದಲ ಸುತ್ತಿಗೆ ನಮ್ಮ ಸೊಟ್ಟಕಿವಿ ಹೋಯ್ತು. ಮೊಲಾನೇ ಆದ್ರೂ, ನನ್ನ ಹೆಜ್ಜೆ ಸಪ್ಪಳ ಕೇಳಿದ್ರೆ ಸಾಕು, ಎರಡು ಕಾಲ ಮೇಲೆ ಎದ್ದು ನಿಂತ್ಬಿಡೋದು. ಈಗಲೂ ಬೆಳಿಗ್ಗೆ ಆ ಗೂಡಿನ ಹತ್ರ ಬಂದಾಗ ಸ್ವಲ್ಪ ಸಪ್ಪಳ ಮಾಡಿ ಹೆಜ್ಜೆ ಹಾಕ್ತೀನಿ.”

“ನಾನು ಒಂದು ವರ್ಷ ಮುಂಚೆ ಬರಬೇಕಿತ್ತು.”

“ಬರಬೇಕಿತ್ತಮ್ಮ,” ಎಂದರು ಹಿರಿಯರು. ದನಿಯಲ್ಲಿ ದೂರು ಇರಲಿಲ್ಲ, ಬರೀ ಆಸೆ ಇತ್ತು. “ಸೋಮವಾರ ಇಲಿಗಳ ಮೇಲೆ ಇನ್ನೇನೋ ಶುರುವಂತೆ. ಅದನ್ನೂ ಹುಡುಕಿ ನೋಡೋಕೆ ನಾಳೆ ಬೇಗ ಬರ್ತೀಯಾ?”

“ಏಳು ಗಂಟೆಗೇ ಬರ್ತೀನಿ.”

ಬಸ್ಸು ಬಂತು. ಹಿರಿಯರು ಪಕ್ಕಕ್ಕೆ ಸರಿದು, ಅವಳನ್ನು ಮೊದಲು ಹತ್ತಿಸಿದರು.